ಏಳನೆಯ ಮಾಹಿತಿದಾರೆ

ಹೋದ ವಾರ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೋ ಅಂಬಿಲದ ಬಾಟಲಿಯ ಮುಚ್ಚಳ ತೆಗೆದರು. ಎಳ್ಳಮಾಸಿಯ, ಎಂದರೆ ಎಳ್ಳು ಅಮಾವಾಸ್ಯೆಯ, ಮರುದಿನ ಅದು. ಹೊಲಕ್ಕೆ ಹೋಗಿ ಉಂಡು ಬಂದವರು ಉಳಿದದ್ದನ್ನು ನಮಗೆಂದು ತಂದಿದ್ದರು. ಹುಳಿ ಮಜ್ಜಿಗೆ, ಜೋಳದ ಹಿಟ್ಟು, ಜಜ್ಜಿದ ಬೆಳ್ಳುಳ್ಳಿ... ಉದಗೀರಿನ ಮರಾಠಿ ಮಂದಿ ಈ ಹಬ್ಬಕ್ಕೆ ಯೆಳವಸ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅಂದು ಕಾಳು, ಸೊಪ್ಪು ಬೆರೆಸಿದ ಭಜ್ಜಿ, ಅಂಬಿಲ ಮಾಡದ ಮನೆ ಸಿಗುವುದಿಲ್ಲ. ಎಲ್ಲರೂ ಲೋಟ ಹಿಡಿದು ಮುಂದೆ ಬಂದರು. ನಾನು ಮಾತ್ರ ಉತ್ತರಪತ್ರಿಕೆಗಳಲ್ಲಿ ತಲೆ ಹುದುಗಿಸಿದೆ. ಮ್ಯಾಡಮ್‌ಗೆ ಶೀತವಾಗಿದೆ ಎಂದು ಒಬ್ಬರು ತೀರ್ಪು ಕೊಟ್ಟರು. ನನಗೆ ಶೀತವೇನೂ ಆಗಿರಲಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನಮ್ಮ ಓಣಿಯ ಅಮ್ಮನವರು ನೆನಪಾಗುತ್ತಾರೆ. ಅವರು ನೆನಪಾದರೆ ಒಂದು ಗುಟುಕೂ ಗಂಟಲಲ್ಲಿ ಇಳಿಯುವುದಿಲ್ಲ.

ಗಡಿಯಂಚಿನ ಮರಾಠಿ ನಾಡಿನಲ್ಲಿರುವ ನಮ್ಮೂರು ಕಾಸಾರಶಿರಸಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರದು ಜಂಗಮರ ಮನೆ. ಯಜಮಾನರು ಸುತ್ತಲಿನ ಊರುಗಳ ಭಕ್ತರ ಮನೆಗಳಿಗೆ ಪೂಜೆಗೆ, ಲಿಂಗಧಾರಣೆಗೆ, ಮದುವೆಗೆ, ಮಣ್ಣಿಗೆ ಹೋಗುತ್ತಿದ್ದವರು. ನಮ್ಮದು ಒಕ್ಕಲುತನದ ಮನೆ, ಅವರ ಭಕ್ತರ ಮನೆ. ಆ ಮನೆಯ ಹಾಲು ಕುಡಿಯುವ ಕೂಸು ಬಂದರೂ ನಮ್ಮಪ್ಪ ಎದ್ದು ನಿಂತು ಕಂಬಳಿ ಹಾಸಿ ಕೂರಿಸಿ, ಕಾಲಿಗೆ ಬಾಗುತ್ತಿದ್ದ. ಹಾಗಾಗಿ ಅವರನ್ನು ಹೆಸರು ಹಿಡಿದು ಕರೆಯುವ ಮಾತೇ ಇರಲಿಲ್ಲ. ಓಣಿಗೆಲ್ಲ ಅವರು ಅಮ್ಮನೋರು. ಪ್ರತಿ ಎಳ್ಳಮಾಸಿಗೆ ನಮ್ಮ ಹೊಲದಲ್ಲಿ ಜೋಳದ ದಂಟಿನಿಂದ ಕಟ್ಟಿದ ಕೊಪ್ಪಿಯ ಮುಂದೆ ಮೊದಲ ಅಂಬಿಲ ಚೆಲ್ಲುತ್ತಿದ್ದವರು ಅವರೇ. ಚೆಲ್ಲಿ, ನನ್ನ ಲೋಟಕ್ಕೆ ಬೇರೆಯವರಿಗಿಂತ ಒಂದು ಸೌಟು ಹೆಚ್ಚು ಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ನೀ ಸಾಳಿಗಿ ಹೋಗಾಕಿ, ತಲಿಗಿ ಬೇಕಾಗ್ತದ" ಎನ್ನುತ್ತಿದ್ದರು.

ಎತ್ತರದ, ಬಡಕಲು ಮೈಯ ಹೆಂಗಸು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಅಡಕಿತ್ತಾ. ಅಡಿಕೆ ಕತ್ತರಿಸುತ್ತ ಮಾತಾಡುವುದು, ಮಾತಾಡುತ್ತ ಕತ್ತರಿಸುವುದು. ಒಂದು ವಾಕ್ಯ ಕನ್ನಡದಲ್ಲಿ ಹೊರಟು, ಮರಾಠಿಯ ಓಣಿಯೊಳಗೆ ಒಂದು ಸುತ್ತು ಹಾಕಿ, ನಿಜಾಮನ ಕಾಲದ ಉರ್ದು ಮಾತೊಂದನ್ನು ಎತ್ತಿಕೊಂಡು, ಮತ್ತೆ ಕನ್ನಡಕ್ಕೇ ಬಂದು ನಿಲ್ಲುತ್ತಿತ್ತು. "ದವಾಖಾನಿಗಿ ಹೋಗಿ ತಪಾಸಣಿ ಮಾಡಿಸ್ಕೊಂಡ ಬಾ ಅಂದ್ರ ಕೇಳವಲ್ಲ, ಉಗೀಚ ಕೂತಾನ ನೋಡವ್ವಾ" ಎಂದು ಮಗನನ್ನು ಬೈಯುವಾಗ ಅದು ಎಷ್ಟು ಭಾಷೆ ಎಂದು ಎಣಿಸುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗುತ್ತಿರಲಿಲ್ಲ. ಬೈಗುಳ ತಟ್ಟಿದರೆ ಆಯಿತು. ಎಣಿಸಲು ಕಲಿತವಳು ನಾನೊಬ್ಬಳೇ, ಅದೂ ದೂರದ ಊರಿಗೆ ಹೋಗಿ.

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮನೆಯ ಮಾತು, ಅಕ್ಷರಗಳನ್ನು ಹಟ ಹಿಡಿದು ಆಮೇಲೆ ಕಲಿತದ್ದು. ಎಂ.ಎ. ಮಾಡಲು ಗಡಿಯಾಚೆಯ ವಿಶ್ವವಿದ್ಯಾಲಯಕ್ಕೆ ಹೋದಾಗ ಹಾಸ್ಟೆಲಿನ ಮೊದಲ ದಿನವೇ, "ನನ್ನ ಡಬ್ಬಾ ಹುಡಕ್ಲತೀನಿ, ಉಂಬರಾದ ಹತ್ರ ಇಟ್ಟಿದ್ದೆ" ಎಂದೆ. ಹೊಸ್ತಿಲಿಗೆ ಉಂಬರಾ ಎಂದದ್ದು ಕೇಳಿ ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ನನ್ನ ಹೆಸರು 'ಮರಾಠಿ ಬಾಯಿ' ಎಂದಾಯಿತು. ಅವರು ಕೆಟ್ಟವರೇನಲ್ಲ, ನನ್ನ ತಟ್ಟೆಯಲ್ಲಿ ಉಂಡವರು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು. ಆದರೆ ನಾನು ಆ ನಗುವನ್ನು ಮರೆಯಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು, ಪ್ರತಿ ಮಾತನ್ನೂ ಒಳಗೆ ತೊಳೆದು ಹೊರಗೆ ಬಿಡುವುದನ್ನು ರೂಢಿಸಿಕೊಂಡೆ. ಎರಡು ವರ್ಷದಲ್ಲಿ ನನ್ನ ಕನ್ನಡ ಎಷ್ಟು ಚೊಕ್ಕವಾಯಿತೆಂದರೆ, ರಜೆಗೆ ಊರಿಗೆ ಬಂದಾಗ ಅವ್ವ, "ರೇಡಿಯೋ ಬಂದದ ನೋಡ್ರಿ" ಎಂದು ಅಪ್ಪನಿಗೆ ಹೇಳಿದಳು.

ಪಿಎಚ್.ಡಿ.ಗೆ ವಿಷಯ ಆರಿಸುವಾಗ ಮಾರ್ಗದರ್ಶಕರು ನನ್ನ ಊರನ್ನೇ ನನ್ನ ಕೈಗೆ ಕೊಟ್ಟರು: ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಮನೆಮಾತಿನ ಕನ್ನಡ, ಅದರಲ್ಲೂ ಮನೆ ಮತ್ತು ಅಡುಗೆಯ ಶಬ್ದಗಳು. ಒಂದು ಚಿಕ್ಕ ರೆಕಾರ್ಡರ್ ಕೊಂಡು ಬಸ್ಸು ಹತ್ತಿದೆ. ಯಾರ ಬಾಯಿಂದ ಶಬ್ದ ಸಂಗ್ರಹಿಸುತ್ತೇವೋ ಅವರಿಗೆ ನಮ್ಮ ವಿದ್ಯೆಯಲ್ಲಿ ಮಾಹಿತಿದಾರರು ಎಂದು ಹೆಸರು, ಹೆಸರಿನ ಬದಲು ಸಂಖ್ಯೆ. ಊರೂರು ತಿರುಗಿ ಆರು ಜನರನ್ನು ಹುಡುಕಿದೆ. ಪಕ್ಕದ ಮನೆ ನನಗೆ ಕಾಣಲೇ ಇಲ್ಲ. ಅಮ್ಮನವರೇ ಅವ್ವನ ಕೈಯಲ್ಲಿ ಹೇಳಿ ಕಳಿಸಿದರು: "ದೇವಣಿಗಿ ಹೋಗ್ತಾಳಂತ, ಸಾಸ್ತೂರಿಗಿ ಹೋಗ್ತಾಳಂತ. ಗ್ವಾಡಿ ಆಚಿ ಬಾಯಿ ಅದ ಅಂತ ನೆನಪಿಲ್ಲೇನ ಆಕಿಗಿ?" ನಾಚಿಕೊಂಡು ಹೋಗಿ ಕಾಲಿಗೆ ಬಿದ್ದೆ. ಹಾಗೆ ಅವರು ಏಳನೆಯವರಾದರು.

ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತೆ. ಯಜಮಾನರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು, ಭಕ್ತರ ಮನೆಗಳ ತಿರುಗಾಟ ಮಗನ ಪಾಲಿಗೆ ಬಂದಿತ್ತು. ಸೊಸೆ ಲಾತೂರಿನವಳು, ಒಳ್ಳೆಯ ಹುಡುಗಿ, ಕನ್ನಡ ಬಾರದು. ಮನೆಯಲ್ಲಿ ಕನ್ನಡ ಆಡುತ್ತಿದ್ದವರು ಅಮ್ಮನವರೊಬ್ಬರೇ. ಮಗ ಅವರಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ, ಹೆಂಡತಿಯ ಕಡೆ ತಿರುಗಿದೊಡನೆ ಮರಾಠಿ. ಐದು ವರ್ಷದ ಮೊಮ್ಮಗಳು ಅಜ್ಜಿಯ ಮಾತು ಕೇಳಿ ಕೇಳಿ ತಲೆಯಾಡಿಸುತ್ತಿದ್ದಳು, ತಿರುಗಿ ಆಡುತ್ತಿರಲಿಲ್ಲ.

ಅಮ್ಮನವರ ತವರು ಸಾಸ್ತೂರು, ಭೂಕಂಪದಲ್ಲಿ ಬಿದ್ದ ಹಳೆಯ ಸಾಸ್ತೂರು. ಆ ಮನೆಯ ಕೆಳಗೇ ಅವರ ತಾಯಿ ಹೋದರು, ಅಣ್ಣ ಹೋದ. ಈಗಿನ ಊರು ಸರ್ಕಾರ ಬೇರೆ ಕಡೆ ಕಟ್ಟಿಕೊಟ್ಟದ್ದು, ಸಾಲು ಸಾಲು ಮನೆ. ಒಂದು ಮಧ್ಯಾಹ್ನ ನಾನು, "ಮನೆಯ ಭಾಗಗಳಿಗೆ ಏನೇನು ಅಂತೀರಿ ಹೇಳ್ರಿ ಅಮ್ಮನೋರ" ಎಂದೆ. ಕೂತ ಮನೆಯದನ್ನು ಹೇಳುತ್ತಾರೆಂದು ನಾನು ಎಣಿಸಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. ತವರಿನ ದೊಡ್ಡ ಬಾಗಿಲಿನಿಂದ ಒಳಗೆ ಹೊರಟರು. ದೇವಡಿ, ಉಂಬರಾ, ಪಡಸಾಲಿ, ನಡುಮನಿ, ದೇವರ ಜಗಲಿ, ಗ್ವಾಡ್ಯಾಗಿನ ಕೊನಾಡಾ, ಮ್ಯಾಲ ಮಾಳವದ, ಮಾಳವದಾಗ ಬೆಳಕಿಂಡಿ, ಕಾಳ ಹಾಕೂ ಹಗೇವು, ಅದಕ್ಕ ಪೇವ ಅಂತನೂ ಅಂತಾರ... ಒಂದೊಂದು ಹೇಳಿ ನಿಲ್ಲುವರು, ಆ ಜಾಗವನ್ನು ನೋಡಿಕೊಂಡು ಮುಂದಿನದಕ್ಕೆ ಕಾಲಿಡುವರು. ಹಿತ್ತಲಿಗೆ ಬರುವ ಹೊತ್ತಿಗೆ ಅವರ ಕಣ್ಣಿಂದ ನೀರು ಹರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. ನಾನು ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. 

ಹಾಗೆಂದು ಅವರು ಅಳುಬುರುಕಿಯಲ್ಲ, ಜಗಳಗಂಟಿ. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಕಲಿತದ್ದು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಆದರೂ ನನ್ನ ವಹಿಯಲ್ಲಿ ಕೆಲವು ಶಬ್ದಗಳ ಸುತ್ತ ನಾನು ಗೋಲ ಹಾಕುವುದನ್ನು ಗಮನಿಸಿದ್ದರು.

"ಆ ಗೋಲ ಯಾತರದ?"

"ಅದು ಮರಾಠಿ ಶಬ್ದ ಅಂತ ಗುರ್ತಿಗ್ರಿ."

"ಈಗ ಯಾವುದಕ್ಕ ಹಾಕ್ದಿ?"

"ಅಡಕಿತ್ತಾಕ್ಕ."

ಅವರ ಕೈ ನಿಂತಿತು. "ಮರಾಠಿ ಮಂದಿ ಅಡಕಿಗಿ ಏನಂತಾರ?"

"ಸುಪಾರಿ ಅಂತಾರ."

"ಮತ್ತ? ಸುಪಾರಿ ಕತ್ತರಸೂದಕ್ಕ ಸುಪಾರಿಕಿತ್ತಾ ಅನಬೇಕಾಗಿತ್ತಲ್ಲ. ಅಡಕಿ ಎಲ್ಲಿಂದ ತಂದ್ರು? ನಮ್ಮ ಮನಿಯಾಗಿಂದ ಒಯ್ದಾರ ತಂಗಿ. ಒಯ್ಯಲಿ, ಬ್ಯಾಡಂದವರ್ಯಾರು. ನೀ ಗೋಲ ಅಳಸು."

ನಾನು ನಕ್ಕೆ. ಅವರೂ ನಕ್ಕು, "ಹುಡಕೂ ಮಾತ ಅವರ ಮರಾಠ್ಯಾಗೂ ಅದ, ನಮ್ಮಲ್ಲೂ ಅದ. ಅವರೂ ಹುಡಕತಾರ, ನಾವೂ ಹುಡಕತೀವಿ. ಯಾರದು ಯಾರ ಮನ್ಯಾಗ ಹೋಗ್ಯಾದ, ನೀನ ಹುಡಕು. ದೊಡ್ಡ ಸಾಳಿ ಕಲ್ತೀ" ಎಂದರು. ಗೋಲ ಅಳಿಸಲಿಲ್ಲ ನಾನು. ಹಳ್ಳಿಯ ಹೆಂಗಸಿನ ಚೇಷ್ಟೆ ಎಂದುಕೊಂಡೆ.

ಇನ್ನೊಂದು ದಿನ ನಾವು ಹೀಗೇ ಕೂತಿದ್ದಾಗ ಮೊಮ್ಮಗಳು ಓಡಿ ಬಂದು, ತಾಯಿಯಿಂದಲೋ ಶಾಲೆಯಿಂದಲೋ ಕಲಿತ ಮಾತನ್ನು ನನಗೆ ಒಪ್ಪಿಸಿದಳು: "ಆಜೀಚಂ ಬೋಲಣಂ ಖಿಚಡೀ ಆಹೇ." ಅಜ್ಜಿಯ ಮಾತು ಖಿಚಡಿಯಂತೆ. ಎಲ್ಲರೂ ನಕ್ಕೆವು, ಅಮ್ಮನವರೂ ನಕ್ಕರು. ನಾನು ಹೊರಡುವಾಗ ಬಾಗಿಲವರೆಗೆ ಬಂದು ಕೈ ಹಿಡಿದುಕೊಂಡರು.

"ಖರೆ ಹೇಳು. ನಂದು ಖಿಚಡಿ ಏನ?"

"ಛೆ, ಕನ್ನಡ ರೀ ಅಮ್ಮನೋರ."

"ಹಂಗಿದ್ರ ಪುಸ್ತಕದಾಗ ಹಾಕು. ಸಾಸ್ತೂರಿನ ಮನಿದೆಲ್ಲಾ ಹಾಕು. ಈಕಿ ದೊಡ್ಡಾಕಿ ಆದ ಮ್ಯಾಲ ನೋಡ್ಲಿ. ನಮ್ಮಜ್ಜಿ ಮಾತ ಒಂದು ಭಾಷಾ ಇತ್ತು ಅಂತ ಆಕಿಗಿ ಗೊತ್ತಾಗಲಿ. ನನಗ ಮತ್ತೇನೂ ಬ್ಯಾಡ."

ಹಾಕುತ್ತೇನೆಂದು ಮಾತು ಕೊಟ್ಟೆ. ಹಾಕುವುದರಲ್ಲಿ ನನಗೇನೂ ಕಷ್ಟವಿರಲಿಲ್ಲ. ಎಲ್ಲ ಧ್ವನಿಮುದ್ರಣವಾಗಿತ್ತು, ವಹಿಯಲ್ಲಿ ಇಳಿದಿತ್ತು.

ಮಾರ್ಗದರ್ಶಕರು ದಕ್ಷಿಣದ ಕಡೆಯವರು, ಶಿಸ್ತಿನ ಮನುಷ್ಯ. ಕೊನೆಗೆ ಹನ್ನೆರಡಕ್ಕೆ ಬಂದು ನಿಂತ ನನ್ನ ಮಾಹಿತಿದಾರರ ಪಟ್ಟಿಗಳನ್ನು ಓದುತ್ತ ಏಳನೆಯದಕ್ಕೆ ಬಂದು ಕನ್ನಡಕ ತೆಗೆದರು. "ಇದು ಕನ್ನಡವೇನಮ್ಮಾ? ಇಷ್ಟೊಂದು ಗೋಲಗಳಿವೆ. ಮಿಶ್ರ ಅಂತ ಬೇರೆ ಮಾಡಿ ಒಂದು ಅಧ್ಯಾಯ ಬರೆದರೆ ಹೇಗೆ, ಯೋಚನೆ ಮಾಡಿ" ಎಂದರು. ಗಮನಿಸಿ, ಅವರು ಬಿಡು ಎನ್ನಲಿಲ್ಲ. ಬೇರೆ ಅಧ್ಯಾಯ ಬರೆಯಬಹುದು ಎಂದರು. ಇಷ್ಟು ವರ್ಷ ನಾನು ಗೆಳತಿಯರಿಗೆ ಈ ಕಥೆ ಹೇಳುವಾಗ ತಪ್ಪನ್ನು ಅವರ ತಲೆಗೆ ಕಟ್ಟುತ್ತಾ ಬಂದೆ. ಅದು ಸುಳ್ಳು. ಅಧ್ಯಾಯ ಬರೆಯಲು ಇನ್ನೊಂದು ವರ್ಷ ಹಿಡಿಯುತ್ತಿತ್ತು, ಅದು ನನಗೆ ಬೇಡವಾಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: ಆ ಪಟ್ಟಿಯನ್ನು ಅವರು ಓದುವಾಗ ನನಗೆ ಹಾಸ್ಟೆಲಿನ ನಗು ಕೇಳಿಸಿತು. ಆ ಉಂಬರಾ, ಆ ಕೊನಾಡಾ ನನ್ನ ಬಾಯಿಯವೇ. ಅಮ್ಮನವರನ್ನು ಹೊರಗಿಟ್ಟರೆ ನಾನು ಒಳಗಿರುತ್ತೇನೆ ಎಂದು ಅನಿಸಿತೋ ಏನೋ... "ತೆಗೆದುಬಿಡ್ತೀನಿ ಸಾರ್" ಎಂದೆ. ಹೇಳಿದ ಕೂಡಲೇ ಮನಸ್ಸು ಹಗುರಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಹನ್ನೆರಡು ಜನ ಹನ್ನೊಂದಾದರು. ಕೊನೆಯ ಅನುಬಂಧದಲ್ಲಿ ಮಾತ್ರ ಲೆಕ್ಕ ತಪ್ಪಬಾರದೆಂದು ಒಂದು ಸಾಲು ಉಳಿಯಿತು: 'ಮಾಹಿತಿದಾರೆ ೭. ಕಾಸಾರಶಿರಸಿ. ಜಂಗಮ. ಅರವತ್ತೆಂಟು ವರ್ಷ. ಮಾತು ಅಶುದ್ಧ. ಬಳಸಿಲ್ಲ.' ಸಾರ್ ಹೇಳಿದ್ದು ಮಿಶ್ರ ಎಂದು. ಅಶುದ್ಧ ಎಂಬುದು ನನ್ನ ಕೈಯಾರೆ ಬಂದ ಮಾತು. ಮೌಖಿಕ ಪರೀಕ್ಷೆಗೆ ಬಂದವರು, ಗಡಿಯ ಕನ್ನಡದ ಶುದ್ಧ ರೂಪಗಳನ್ನು ಚೆನ್ನಾಗಿ ಹೆಕ್ಕಿದ್ದೀರಿ ಎಂದು ಹೊಗಳಿದರು. ನಾನು ಬೀಗಿದೆ.

ಪದವಿ ಬಂದ ಮೇಲೆ ಕೆಂಪು ರೆಕ್ಸಿನ್ ಹಾಕಿಸಿದ ಒಂದು ಪ್ರತಿ ಹಿಡಿದು ಅಮ್ಮನವರ ಮನೆಗೆ ಹೋದೆ. ಆಶೀರ್ವಾದ ಪಡೆದು ಐದು ನಿಮಿಷದಲ್ಲಿ ಹೊರಬರುವುದು ನನ್ನ ಉಪಾಯ. ಅವರು ಹೊಸ ಸೀರೆ ಉಟ್ಟುಕೊಂಡು ಕೂತಿದ್ದರು. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಸೊಸೆಯನ್ನೂ ಮೊಮ್ಮಗಳನ್ನೂ ಕರೆದು ಕೂರಿಸಿ, "ಈಗ ಓದು. ನನ್ನ ಮಾತ ಎಲ್ಲಿ ಅದ, ಅದನ್ನ ಓದು" ಎಂದರು.

ನಾನು ಪುಸ್ತಕವನ್ನು ನಡುವೆ ಎಲ್ಲೋ ತೆರೆದೆ. ಅಲ್ಲಿದ್ದದ್ದು ಕ್ರಿಯಾಪದಗಳ ಒಂದು ಕೋಷ್ಟಕ. ಅದರ ಮೇಲೆ ಬೆರಳಿಟ್ಟು, ಇಲ್ಲದ ಸಾಲುಗಳನ್ನು ಓದಿದೆ. 'ಕಾಸಾರಶಿರಸಿಯ ಅಮ್ಮನವರು ಹೇಳಿದಂತೆ, ಹಳೆಯ ಸಾಸ್ತೂರಿನ ಮನೆಯಲ್ಲಿ ಮೊದಲು ದೇವಡಿ, ಆಮೇಲೆ ಉಂಬರಾ, ಆಮೇಲೆ ಪಡಸಾಲಿ...' ಓದುತ್ತ ಓದುತ್ತ ಹಿತ್ತಲಿನವರೆಗೂ ಹೋದೆ. ಬೆರಳನ್ನು ಸಾಲಿನಿಂದ ಸಾಲಿಗೆ ಸರಿಸುವುದನ್ನೂ ಮರೆಯಲಿಲ್ಲ. ಅಮ್ಮನವರು ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದರು. ಮುಗಿದ ಮೇಲೆ ಹೆಬ್ಬೆರಳನ್ನು ವಿಭೂತಿಯಲ್ಲಿ ಅದ್ದಿ ಆ ಪುಟದ ಅಂಚಿಗೆ ಒತ್ತಿದರು, ಗುರುತು ಇರಲಿ ಎಂದು. ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟರು. ನನ್ನ ಬಾಯಿಗೆ ಸಕ್ಕರೆ ಹಾಕಿದರು. ಅದನ್ನು ನುಂಗಿ ಮನೆಗೆ ಬಂದೆ.

ಆಮೇಲೆ ಉದಗೀರಿನಲ್ಲಿ ಕೆಲಸ ಸಿಕ್ಕಿತು. ಶ್ರಾವಣದಲ್ಲಿ ಒಂದು ದಿನ ಅವ್ವನ ಫೋನು ಬಂತು.

"ಏನ್ ಬರ್ದೀಯವ್ವಾ ಆ ಪುಸ್ತಕದಾಗ?"

"ಯಾಕವ್ವಾ?"

"ಪೂಜಾಕ್ಕ ಗಡಿ ಆಚಿ ಕಡಿಂದ ಶಾಸ್ತ್ರಿಗಳು ಬಂದಿದ್ರು. ಅವರಿಗಿ ಕನ್ನಡ ಓದಲಾಕ ಬರ್ತದ ಅಂತ ಅಮ್ಮನೋರು ಪುಸ್ತಕದಾಗ ತಾವು ವಿಭೂತಿ ಒತ್ತಿದ ಪಾನಾ ತೆಗದು ಮುಂದಿಟ್ರು. ಅವರು ಅಂದ್ರು, ಇದರಾಗ ನಿಮ್ದೇನೂ ಇಲ್ರಿ. ಅಮ್ಮನೋರು ಬಿಡಲಿಲ್ಲ, ಬ್ಯಾರೆ ಕಡಿ ಇರಬೇಕು ನೋಡ್ರಿ ಅಂದ್ರು. ಹುಡಕಿ ಹುಡಕಿ ಕಡೀಕ ಸಿಕ್ತು. ಓದಿ ಹೇಳ್ಯಾರ. ನಾ ಅಲ್ಲೇ ಕೂತಿದ್ದೆ. ಸೊಸಿಗಿ ಕನ್ನಡ ಬರಂಗಿಲ್ಲ. ಆದ್ರ ಅಶುದ್ಧ ಅಂದ್ರ ಆಕಿಗೂ ತಿಳೀತವ್ವಾ. ಅದು ಮರಾಠ್ಯಾಗೂ ಅಶುದ್ಧನ ಅಲ್ಲೇನು."

ಲಿಂಗ ಕಟ್ಟಿಕೊಂಡ ಮೈಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ಮೈಲಿಗೆ ಎಂಬುದೇ ಇಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಆ ಮಾತನ್ನು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರೇ ಅಮ್ಮನವರು. ಅಂಥವರ ಪೂಜೆಯ ಮನೆಯಲ್ಲಿ, ಪೂಜೆಗೆ ಬಂದವರ ಬಾಯಿಂದ, ನಾನು ಅವರನ್ನು ಅಶುದ್ಧ ಎನ್ನಿಸಿದ್ದೆ. ಮಾತು ಅಶುದ್ಧ ಎಂದರೆ ವ್ಯಾಕರಣದ ಅರ್ಥದಲ್ಲಿ ಎಂದು ಯಾರಿಗೆ ಬಿಡಿಸಿ ಹೇಳಲಿ? ಆ ಅರ್ಥದಲ್ಲೂ ಅದು ನಿಜವಾಗಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಕಾಲಿಗೆ ಬಾಗಿದೆ. ಬೈಯುತ್ತಾರೆ, ಅಳುತ್ತಾರೆ, ಪುಸ್ತಕ ಎಸೆಯುತ್ತಾರೆ ಎಂದೆಲ್ಲ ಎಣಿಸಿ ಸಿದ್ಧಳಾಗಿದ್ದೆ. ಅಮ್ಮನವರು ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ, "ಬಸ್ ಗ. ಚಹಾ ಘೇತೇಸ್ ಕಾ?" ಎಂದರು.

ಕೂಡು, ಚಹಾ ಕುಡಿಯುತ್ತೀಯಾ ಎಂದು ಕೇಳಿದ್ದು ಅಷ್ಟೇ. ಆದರೆ ಮರಾಠಿಯಲ್ಲಿ. ಹುಟ್ಟಿದಾಗಿನಿಂದ ಅವರು ನನ್ನೊಡನೆ ಹಾಗೆ ಮಾತಾಡಿದವರಲ್ಲ. ನಮ್ಮ ಕಡೆ ಯಾರು ಯಾರೊಡನೆ ಯಾವ ಮಾತು ಆಡಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಬಸ್ಸಿನ ಕಂಡಕ್ಟರನೊಡನೆ, ತಹಸೀಲಿನ ಗುಮಾಸ್ತನೊಡನೆ, ಗುರುತಿಲ್ಲದವರೊಡನೆ ಮರಾಠಿ. ಮನೆಯವರೊಡನೆ ಕನ್ನಡ. ಅವರ ಮರಾಠಿ ಅಂದು ಬಲು ಚೊಕ್ಕವಾಗಿತ್ತು, ಒಂದೂ ಕನ್ನಡದ ಮಾತು ಸೇರದಂತೆ ನೋಡಿ ನೋಡಿ ಆಡುತ್ತಿದ್ದರು. ನಾನು ಹಾಸ್ಟೆಲಿನಲ್ಲಿ ಮಾಡಿದಂತೆಯೇ. ಸೊಸೆ ಚಹಾ ತಂದಳು. ಹೊರಡುವಾಗ ಸೊಸೆಯೇ ಪುಸ್ತಕ ತಂದು ನನ್ನ ಕೈಗಿಟ್ಟಳು.

ಆಮೇಲೆ ತಿಳಿಯಿತು, ನನ್ನೊಡನೆ ಮಾತ್ರ ಅಲ್ಲ, ಅವರು ಯಾರೊಡನೆಯೂ ಕನ್ನಡ ಆಡುವುದನ್ನು ಬಿಟ್ಟಿದ್ದರು. ಮಗ ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲಿ ಉತ್ತರ. ಎರಡು ತಿಂಗಳಲ್ಲಿ ಅವನೂ ಕೇಳುವುದನ್ನು ಬಿಟ್ಟ. ಕನ್ನಡದಲ್ಲಿ ಪಿಎಚ್.ಡಿ. ಮಾಡಿ ಒಂದು ಮನೆಯ ಕನ್ನಡವನ್ನು ನಿಲ್ಲಿಸಿದವಳು ನಾನು. ಸಭೆಗಳಲ್ಲಿ ಗಡಿನಾಡಿನ ಭಾಷೆಯ ಅಳಿವು ಉಳಿವು ಎಂದು ಭಾಷಣ ಮಾಡಲು ಕರೆಯುತ್ತಾರೆ, ಹಾರ ಹಾಕುತ್ತಾರೆ. ಅಳಿವಿನ ಭಾಗ ನನಗೆ ಚೆನ್ನಾಗಿ ಗೊತ್ತು.

ಕೆಲವು ವರ್ಷಗಳ ಮೇಲೆ ಪಾಠಕ್ಕೆಂದು ಒಂದು ಮರಾಠಿ ನಿಘಂಟು ತಿರುವುತ್ತಿದ್ದೆ. ಅಡಕಿತ್ತಾ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ, ಮೂಲ ಕನ್ನಡ ಎಂದಿತ್ತು. ಮರಾಠಿಯವರೇ ಒಪ್ಪಿಕೊಂಡು ಅಚ್ಚು ಹಾಕಿಸಿದ್ದರು. ಹಳೆಯ ವಹಿ ತೆಗೆದು ನಾನು ಗೋಲ ಹಾಕಿದ ಒಂದೊಂದೇ ಶಬ್ದವನ್ನು ಹುಡುಕುತ್ತ ಹೋದೆ. ಎಲ್ಲವೂ ಹಾಗಿರಲಿಲ್ಲ, ಆದರೆ ನಾಚಿಕೆಯಾಗುವಷ್ಟು ಇದ್ದವು. ಅಷ್ಟರಲ್ಲೇ ಸುದ್ದಿ ಬಂತು, ಅಮ್ಮನವರನ್ನು ಉದಗೀರಿನ ದವಾಖಾನೆಗೆ ತಂದಿದ್ದಾರೆಂದು. ನಿಘಂಟನ್ನು ಚೀಲದಲ್ಲಿ ಹಾಕಿಕೊಂಡು ಓಡಿದೆ. ಎಂಥ ಹುಚ್ಚು ನೋಡಿ, ರೋಗಿಯ ಬಳಿ ಹಣ್ಣಿನ ಬದಲು ನಿಘಂಟು ಒಯ್ದವಳು ನಾನೊಬ್ಬಳೇ ಇರಬೇಕು.

ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಂಚದ ಪಕ್ಕ ಕೂತು, ಬಾಯಿಗೆ ಬಂದ ಕನ್ನಡದಲ್ಲಿ, ತೊಳೆಯದ ಕನ್ನಡದಲ್ಲಿ ಹೇಳಿದೆ: "ಅಮ್ಮನೋರ, ನೀವಂದಿದ್ದೇ ಖರೆ ಇತ್ರಿ. ಅಡಕಿತ್ತಾ ನಮ್ದೇ. ಇದರಾಗ ಬರದಾರ ನೋಡ್ರಿ. ನಂದ ತಪ್ಪಾಯ್ತು. ನಾ ತಪ್ಪ ಮಾಡೀನ್ರಿ, ಸುಳ್ಳ ಓದೀನಿ..."

ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಇದ್ದಿದ್ದರೆ ನನಗೆ ಎಷ್ಟೋ ಚೆನ್ನಾಗಿತ್ತು. "ಮಲಾ ಕಾನಡೀ ಯೇತ ನಾಹೀ, ಬಾಯೀ" ಎಂದರು. ನನಗೆ ಕನ್ನಡ ಬರುವುದಿಲ್ಲಮ್ಮಾ.

ಹದಿನೈದು ದಿನಕ್ಕೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಎಲ್ಲರೊಡನೆ ನಾನೂ ಒಂದು ಹಿಡಿ ವಿಭೂತಿ ಹಾಕಿದೆ. ಕ್ಷಮೆ ಸಿಕ್ಕಿತೆಂದು ನನಗೆ ಒಮ್ಮೆಯೂ ಅನಿಸಿಲ್ಲ, ಸಿಗಬೇಕಿತ್ತು ಎಂದೂ ಅನಿಸಿಲ್ಲ.

ಅವರ ಮೊಮ್ಮಗಳು ಈಗ ಉದಗೀರಿನಲ್ಲೇ ನರ್ಸಿಂಗ್ ಓದುತ್ತಿದ್ದಾಳೆ. ಮೊನ್ನೆ ನಮ್ಮ ಕಾಲೇಜನ್ನು ಹುಡುಕಿಕೊಂಡು ಬಂದಳು. ಅಜ್ಜಿಯ ದನಿ ನಿಮ್ಮ ಬಳಿ ಇದೆಯಂತೆ, ಅಪ್ಪ ಹೇಳಿದರು, ಒಮ್ಮೆ ಕೇಳಬಹುದೇ ಎಂದು ಮರಾಠಿಯಲ್ಲಿ ಕೇಳಿದಳು. ಅಜ್ಜಿಯದೇ ಎತ್ತರ. ಕಾಲಿಗೆ ಬಾಗಬೇಕೆಂದುಕೊಂಡೆ, ಸುತ್ತ ವಿದ್ಯಾರ್ಥಿಗಳಿದ್ದರು, ಬಾಗಲಿಲ್ಲ. ನನ್ನ ಕೋಣೆಯಲ್ಲಿ ಕೂರಿಸಿ ಕಂಪ್ಯೂಟರಿನಲ್ಲಿ ಆ ಸಾಸ್ತೂರಿನ ಮನೆಯ ಮಧ್ಯಾಹ್ನವನ್ನು ಹಚ್ಚಿದೆ. ಎಷ್ಟೋ ವರ್ಷಗಳಿಂದ ನಾನೂ ಅದನ್ನು ಕೇಳಿರಲಿಲ್ಲ.

ಹುಡುಗಿ ಮೊದಲ ದನಿಗೇ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮುಂದಕ್ಕೆ ಬಾಗಿ ಕೇಳತೊಡಗಿದಳು. ಒಂದೆರಡು ಶಬ್ದ ಬಿಟ್ಟರೆ ಏನೂ ತಿಳಿಯುತ್ತಿಲ್ಲ ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: ಅಜ್ಜಿ ನಡುನಡುವೆ ಒಂದೇ ಮಾತು ಕೇಳುತ್ತಾಳಲ್ಲ ಮ್ಯಾಡಮ್, ಅದೇನು?

ಹೌದು, ಕೇಳುತ್ತಿದ್ದರು. ದೇವಡಿ ಎಂದು ಒಂದು ಕ್ಷಣ ನಿಂತು, "ಬರಕೊಂಡ್ಯಾ?" ನಡುಮನಿ ಎಂದು ನಿಂತು, "ಬರಕೊಂಡ್ಯಾ?" ಅಂದು ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಬರೆದುಕೊಂಡೆಯಾ ಅಂತ ಕೇಳ್ತಿದ್ದಾರೆ" ಎಂದೆ ಮರಾಠಿಯಲ್ಲಿ.

"ಆಣಿ ತುಮ್ಹೀ?" ನೀವು ಏನನ್ನುತ್ತೀರಿ?

"ಬರೆದುಕೊಂಡೆ ಅಂತಿದ್ದೀನಿ."

ಹುಡುಗಿಯ ಮುಖ ಅರಳಿತು. ಹಾಗಾದರೆ ಇದೆಲ್ಲ ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ, ಚಿಕ್ಕಂದಿನಲ್ಲಿ ನೀವು ಓದಿ ಹೇಳಿದ್ದು ಮಸುಕಾಗಿ ನೆನಪಿದೆ, ತೋರಿಸಿ ಮ್ಯಾಡಮ್, ಓದಲು ಬಾರದಿದ್ದರೂ ಒಮ್ಮೆ ಕಣ್ಣಿನಿಂದ ನೋಡುತ್ತೇನೆ ಎಂದಳು.

ಇಲ್ಲ ಎಂದೆ. ಪೂಜೆಯ ದಿನದ ಸಂಗತಿಯನ್ನು ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ, ಅವಳಿಗೆ ಅರ್ಥವಾಗಲಿಲ್ಲ. ಯಾಕೆ ಎನ್ನುವಂತೆ ನನ್ನನ್ನೇ ನೋಡುತ್ತ ಕಾದಳು. ಕಂಪ್ಯೂಟರನ್ನು ನಿಲ್ಲಿಸಲು ನನಗೆ ಕೈ ಬರಲಿಲ್ಲ. ಅಮ್ಮನವರು ಮಾಳವದ ದಾಟಿ ಬೆಳಕಿಂಡಿಗೆ ಬಂದು ನಿಂತಿದ್ದರು, ಬರಕೊಂಡ್ಯಾ ಎಂದು ಕೇಳುತ್ತಿದ್ದರು. ನನ್ನ ಇಪ್ಪತ್ತೈದನೆಯ ವಯಸ್ಸಿನ ದನಿ ಹೇಳುತ್ತಿತ್ತು: "ಹೂಂ ಅಮ್ಮನೋರ, ಬರಕೊಂಡೀನ್ರಿ."